ಆ ಹಾಡು ಯಾರದು? ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ನನ್ನ ಅನುಭವ

ಆಸ್ಟ್ರೇಲಿಯಾದ ನಟ್ಟನಡುವೆ ಇರುವ ಆಲಿಸ್ ಸ್ಪ್ರಿಂಗ್ಸ್‌ನ ವೃದ್ಧರ ಆರೈಕೆ ಕೇಂದ್ರವೊಂದಕ್ಕೆ ನರ್ಸ್ ಆಗಿ ಸೇರಿದ ಮೊದಲ ವರ್ಷ ನಾನು ಮಾಡಿದ ತಪ್ಪಿನಿಂದಲೇ ಈ ಬರಹವನ್ನು ಆರಂಭಿಸಬೇಕು. ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇದ್ದ, ಸಂಜೆಯಾದೊಡನೆ ಬಾಗಿಲ ಬಳಿ ನಿಂತು ಊರಿಗೆ ಹೋಗಬೇಕೆಂದು ಅಳುತ್ತಿದ್ದ ವಾರ್ಲ್‌ಪಿರಿ ಎಂಬ ಮೂಲನಿವಾಸಿ ಸಮುದಾಯದ ಅಜ್ಜಿಯೊಬ್ಬರಿಗಾಗಿ, ಅವರದೇ ಭಾಷೆಯ ಹಾಡುಗಳ ಧ್ವನಿಮುದ್ರಣವನ್ನು ಹುಡುಕಿ ತಂದು ಹಾಕಿದ್ದೆ. ಅಜ್ಜಿ ಎರಡೂ ಕಿವಿ ಮುಚ್ಚಿಕೊಂಡರು. ನೋಡಲು ಬಂದಿದ್ದ ಮಗಳು ಒಂದು ಮಾತೂ ಆಡದೆ ಎದ್ದು ಸ್ಪೀಕರನ್ನು ಆರಿಸಿದರು. ಹಾಡಿದವರಲ್ಲಿ ಒಬ್ಬರು ಕೆಲವೇ ತಿಂಗಳ ಹಿಂದೆ ತೀರಿಕೊಂಡಿದ್ದರೆಂಬುದು ನನಗೆ ಮರುದಿನ ತಿಳಿಯಿತು. ಈ ಮರುಭೂಮಿಯ ಮೂಲನಿವಾಸಿಗಳು ತೀರಿಕೊಂಡವರ ಹೆಸರನ್ನು ಬಹುಕಾಲ ಉಚ್ಚರಿಸುವುದಿಲ್ಲ; ಅದೇ ಹೆಸರಿನವರು ಬದುಕಿದ್ದರೆ ಅವರನ್ನೂ 'ಕುಮಂಜಯಿ' ಎಂದು ಕರೆಯುತ್ತಾರೆ. ಕುಟುಂಬದವರು ಒಪ್ಪುವವರೆಗೆ ತೀರಿಕೊಂಡವರ ಚಿತ್ರವನ್ನು ತೋರಿಸುವಂತಿಲ್ಲ, ದನಿಯನ್ನು ಕೇಳಿಸುವಂತಿಲ್ಲ.

'ಸಾಂಸ್ಕೃತಿಕ ಸುರಕ್ಷತೆ' ಎಂಬ ಮಾತನ್ನು ತರಬೇತಿಯಲ್ಲಿ ನಾನು ಕೇಳಿರಲಿಲ್ಲವೆಂದಲ್ಲ. ನ್ಯೂಜಿಲೆಂಡಿನ ಮಾವೊರಿ ನರ್ಸ್ ಇರಿಹಾಪೇಟಿ ರಾಮ್ಸ್‌ಡೆನ್ ಬೆಳೆಸಿದ ಆ ವಿಚಾರ 1992ರಲ್ಲೇ ಅಲ್ಲಿನ ನರ್ಸಿಂಗ್ ಶಿಕ್ಷಣದೊಳಗೆ ಬಂದಿತ್ತು. ಆರೈಕೆ ಸುರಕ್ಷಿತವಾಗಿತ್ತೇ ಎಂಬುದನ್ನು ಹೇಳಬೇಕಾದವರು ಆರೈಕೆ ಪಡೆದವರೇ ಹೊರತು ಕೊಟ್ಟವರಲ್ಲ ಎಂಬುದು ಅದರ ತಿರುಳು. ಪರೀಕ್ಷೆಯಲ್ಲಿ ಇದನ್ನೇ ಬರೆದು ಅಂಕ ಪಡೆದಿದ್ದೆ. ಆದರೂ ಅಜ್ಜಿಗೆ ಯಾವ ಹಾಡು ಬೇಕೆಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ.

ಆ ಮಗಳ ಬಳಿ ಕ್ಷಮೆ ಕೇಳಿದಾಗ ಅವರು ಮೊದಲು ಕೇಳಿದ್ದು, ಹಾಡಿನ ಕೂಟದ ಕುರ್ಚಿಗಳನ್ನು ಹಾಗೆ ದುಂಡಗೆ ಹಾಕಿದವರು ಯಾರು ಎಂದು. ಹಾಕಿದವಳು ನಾನೇ. ಅತ್ತೆಯೂ ಅಳಿಯನೂ ಎದುರುಬದುರು ಕೂರಬಾರದೆಂಬ ಕಟ್ಟುನಿಟ್ಟು ಇಲ್ಲಿದೆ. ಹೆತ್ತ ಮಗಳ ಗಂಡನಿಗಷ್ಟೇ ಅಲ್ಲ, ಕುಲದ ಲೆಕ್ಕದಲ್ಲಿ ಅಳಿಯನ ಸ್ಥಾನದಲ್ಲಿರುವ ಗಂಡಸರಿಗೂ ಅದು ಅನ್ವಯಿಸುತ್ತದೆ. ನೆನಪು ಅಳಿಸುತ್ತಿದ್ದರೂ ಈ ಸಂಕೋಚ ಅಳಿಸಿರಲಿಲ್ಲ. ಹಿಂದಿನ ವಾರಗಳಲ್ಲಿ ಕೆಲವರು ಮುಖ ತಿರುಗಿಸಿಕೊಂಡು ಎದ್ದುಹೋದಾಗ ನಾನು ಕಡತದಲ್ಲಿ 'ಭಾಗವಹಿಸಲು ನಿರಾಕರಣೆ' ಎಂದು ಬರೆದಿದ್ದೆ. ಈಗ ಅದನ್ನು ಓದಿದರೆ ನಾಚಿಕೆಯಾಗುತ್ತದೆ. ಅಂದಿನಿಂದ ಹೆಂಗಸರ ಕೂಟವನ್ನೂ ಗಂಡಸರ ಕೂಟವನ್ನೂ ಬೇರೆ ಮಾಡಿದೆವು. ಹೆಂಗಸರು ಕೇಳಬಾರದ ಗಂಡಸರ ಹಾಡುಗಳೂ, ಗಂಡಸರು ಕೇಳಬಾರದ ಹೆಂಗಸರ ಹಾಡುಗಳೂ ಇಲ್ಲಿರುವುದರಿಂದ ಇದು ಹೇಗೂ ಆಗಬೇಕಾದ ಕೆಲಸವಾಗಿತ್ತು.

ಕುರ್ಚಿ ಬಿಟ್ಟು, ಕೂರಬಲ್ಲವರನ್ನು ಹೊರಗೆ ಬೆಂಕಿಯ ಪಕ್ಕ ನೆಲದ ಮೇಲೆ ಕೂರಿಸತೊಡಗಿದ ಮೇಲೆ ನಾನು ಊಹಿಸಿರದ ಒಂದು ಸಂಗತಿ ನಡೆಯಿತು. ಇಡೀ ದಿನದಲ್ಲಿ ಮೂರ್ನಾಲ್ಕು ಮಾತಷ್ಟೇ ಆಡುತ್ತಿದ್ದ ಪಿಟ್ಜಂಜಜಾರ ಎಂಬ ಇನ್ನೊಂದು ಮೂಲನಿವಾಸಿ ಸಮುದಾಯದ ಅಜ್ಜಿಯೊಬ್ಬರು ಮರಳನ್ನು ಅಂಗೈಯಿಂದ ಸವರಿ ಸಮ ಮಾಡಿ, ಕಡ್ಡಿಯೊಂದನ್ನು ಎತ್ತಿಕೊಂಡು, ಅದರಿಂದ ತಾಳ ಹಾಕುತ್ತ ಗೆರೆ ಎಳೆಯತೊಡಗಿದರು. ಮರಳಿನ ಮೇಲೆ ಬರೆದು, ಅಳಿಸಿ, ಮತ್ತೆ ಬರೆಯುತ್ತ ಕಥೆ ಹೇಳುವ ಈ ಕ್ರಮಕ್ಕೆ ಅವರ ಭಾಷೆಯಲ್ಲಿ 'ಮಿಲ್ಪಾಟ್ಜುನನ್ಯಿ' ಎಂದು ಹೆಸರು. ಹೆಣ್ಣುಮಕ್ಕಳು ಇದನ್ನು ಬಾಲ್ಯದಲ್ಲೇ ಕಲಿಯುತ್ತಾರೆ. ಅರ್ಧವೃತ್ತವೆಂದರೆ ಕುಳಿತ ಮನುಷ್ಯ. ಅಜ್ಜಿ ನಾಲ್ಕು ಅರ್ಧವೃತ್ತ ಬರೆದು, ಒಂದನ್ನು ಅಳಿಸಿ, ಕಡ್ಡಿಯನ್ನು ಮೆಲ್ಲನೆ ಕುಟ್ಟುತ್ತ ಕುಳಿತುಬಿಟ್ಟರು. ಮಾತು ಹೋದ ಮೇಲೂ ಬಾಲ್ಯದಲ್ಲಿ ಕಲಿತ ಲಯ ಬಹುಕಾಲ ಉಳಿಯುತ್ತದೆಂದು ಓದಿದ್ದೆ. ಕೈ, ಕಡ್ಡಿ, ದನಿ ಮೂರೂ ಒಂದೇ ಲಯದಲ್ಲಿ ಸೇರಿದ್ದನ್ನು ಕಂಡದ್ದು ಅಂದೇ.

ಬಣ್ಣದ ವಿಷಯದಲ್ಲಿ ನಾನು ಹೆಚ್ಚು ಎಚ್ಚರ ವಹಿಸಿದೆ, ಏಕೆಂದರೆ 1971ರಲ್ಲಿ ಪಾಪುನ್ಯಾ ಎಂಬ ಊರಿನಲ್ಲಿ ಆರಂಭವಾಗಿ ಜಗತ್ತಿನೆಲ್ಲೆಡೆ ಹೆಸರಾದ ಮರುಭೂಮಿಯ ಚಿತ್ರಕಲೆಯಲ್ಲಿ ಆಮೆ, ಹಾವುಗಳ ಅಚ್ಚು ಕೊಟ್ಟು ಚುಕ್ಕಿ ತುಂಬಿಸಿರೆನ್ನುವಂತಹ ಚಟುವಟಿಕೆಗೆ ಜಾಗವಿಲ್ಲ. ಚಿತ್ರದಲ್ಲಿ ಹೇಳುವ ಪ್ರತಿ ಕಥೆಗೂ ವಾರಸುದಾರರಿದ್ದಾರೆ. ವಾರ್ಲ್‌ಪಿರಿಗಳಲ್ಲಿ ತಂದೆಯ ಕಡೆಯಿಂದ ಹಕ್ಕು ಬಂದವರು 'ಕಿರ್ಡಾ'. ಎಲ್ಲವೂ ಕ್ರಮವಾಗಿ ನಡೆಯುತ್ತಿದೆಯೇ ಎಂದು ನೋಡಿಕೊಳ್ಳುವ, ತಾಯಿಯ ಕಡೆಯ ಸಂಬಂಧಿಕರು 'ಕುರ್ಡುಂಗುರ್ಲು'. ಬೇರೆಯವರ ಕಥೆಯನ್ನು ಚಿತ್ರಿಸುವುದು ಕಳವಿಗೆ ಸಮ. ಆದ್ದರಿಂದ ಖಾಲಿ ಕ್ಯಾನ್ವಾಸನ್ನು ನೆಲದ ಮೇಲೆ ಹಾಸಿ, ಬಣ್ಣವನ್ನು ಪಕ್ಕದಲ್ಲಿಟ್ಟು, ಸುಮ್ಮನಿರುವುದಷ್ಟೇ ನನ್ನ ಪಾಲಿನ ಕೆಲಸವಾಯಿತು.

ಚರ್ಚಿನ ಕೀರ್ತನೆಗಳ ಬಗ್ಗೆ ನನಗೆ ಈಗಲೂ ಒಂದು ನಿಯಮ ಹೇಳಲಾಗದು. 1877ರಲ್ಲಿ ಲೂಥರನ್ ಮಿಷನ್ ನೆಲೆಯೂರಿದ ಹರ್ಮನ್ಸ್‌ಬರ್ಗ್‌ನ ಅಜ್ಜಿಯೊಬ್ಬರು ಅರಂಟ ಎಂಬ ಅಲ್ಲಿನ ಮೂಲನಿವಾಸಿ ಭಾಷೆಯ ಕೀರ್ತನೆ ಕೇಳಿದೊಡನೆ ಶಾಂತರಾಗಿ ಎರಡನೆಯ ಸ್ವರದಲ್ಲಿ ಜೊತೆಗೂಡುತ್ತಿದ್ದರು. ಅವರ ಪಕ್ಕದ ಕೋಣೆಯವರು, ಸರ್ಕಾರವು ಮೂಲನಿವಾಸಿ ಮಕ್ಕಳನ್ನು ತಾಯಂದಿರಿಂದ ಕಿತ್ತು ಒಯ್ಯುತ್ತಿದ್ದ ಕಾಲದಲ್ಲಿ ಮಿಷನ್ನಿನ ಹಾಸ್ಟೆಲಿನಲ್ಲಿ ಬೆಳೆದವರು. ಇಂಗ್ಲಿಷ್ ಕೀರ್ತನೆಯ ಮೊದಲ ಸಾಲಿಗೇ ಹಾಸಿಗೆಯಡಿ ಅಡಗಲು ಯತ್ನಿಸುತ್ತಿದ್ದರು. 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಹೀಗೆ ಮಕ್ಕಳನ್ನು ಕಿತ್ತೊಯ್ದದ್ದಕ್ಕಾಗಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಆದರೆ ಡಿಮೆನ್ಷಿಯಾ ಹತ್ತಿರದ ನೆನಪುಗಳನ್ನು ಮೊದಲು ಒಯ್ದು, ಆ ಹಾಸ್ಟೆಲನ್ನು ಹಾಗೆಯೇ ಉಳಿಸುತ್ತದೆ. ಆ ಕಾರಿಡಾರಿನಲ್ಲಿ ಭಾನುವಾರದ ಸಂಗೀತವನ್ನು ನಿಲ್ಲಿಸಿ, ಹರ್ಮನ್ಸ್‌ಬರ್ಗ್‌ನ ಅಜ್ಜಿಯನ್ನು ಅಂಗಳಕ್ಕೆ ಕರೆದೊಯ್ಯತೊಡಗಿದೆವು.

ಮೊದಲ ದಿನ ಕಿವಿ ಮುಚ್ಚಿಕೊಂಡಿದ್ದ ವಾರ್ಲ್‌ಪಿರಿ ಅಜ್ಜಿ ಆರು ತಿಂಗಳ ನಂತರ ಒಂದು ಸಂಜೆ, ಮಗಳು ತೊಡೆ ತಟ್ಟಿ ತಾಳ ಕೊಟ್ಟಾಗ, ತಾವೇ ಹಾಡಿದರು. ನಾನು ಎದ್ದು ಹೋಗಬೇಕೇ ಎಂದು ಕಣ್ಣಲ್ಲೇ ಕೇಳಿದೆ; ಮಗಳು ಕೂರುವಂತೆ ಕೈ ಮಾಡಿದರು, ಆದರೆ ಫೋನನ್ನು ಒಳಗಿಡಲು ಹೇಳಿದರು. ಅಂದಿನ ಕಡತದಲ್ಲಿ ನಾನು ಬರೆದದ್ದು ಇಷ್ಟೇ: ಸಂಜೆ ಮಗಳೊಂದಿಗೆ ಬೆಂಕಿಯ ಬಳಿ ನಲವತ್ತು ನಿಮಿಷ ಹಾಡಿದರು, ನಂತರ ಪೂರ್ತಿ ಊಟ ಮಾಡಿದರು, ಬಾಗಿಲ ಬಳಿ ಹೋಗಲಿಲ್ಲ. ಹಾಡು ಯಾವುದೆಂಬ ಕಡೆ ಖಾಲಿ ಬಿಟ್ಟೆ.