ಗೇರುಹಣ್ಣಿನ ರಸದಲ್ಲಿ ಯೀಸ್ಟ್ ಬೆಳೆಸಿ ಅಳೆಯೋದು ಹೇಗೆ?

ಬದಿಯಡ್ಕ, ಮುಳ್ಳೇರಿಯ ಕಡೆ ಏಪ್ರಿಲ್‌ನಲ್ಲಿ ಬೀಜ ತೆಗೆದು ಹಣ್ಣನ್ನು ಮರದ ಬುಡದಲ್ಲೇ ಬಿಡುತ್ತಾರೆ. ಅದರ ರಸದಲ್ಲಿ ನೂರಕ್ಕೆ ಹತ್ತರ ಆಸುಪಾಸು ಸಕ್ಕರೆ ಇದೆ. ಬಯೋಕೆಮಿಕಲ್ ಎಂಜಿನಿಯರಿಂಗ್ ಓದುವ ನಮ್ಮ ಕಾಸರಗೋಡಿನ ಮಕ್ಕಳು ಪ್ರಾಜೆಕ್ಟ್‌ಗೆ ಬೇರೆ ಎಲ್ಲೂ ಹುಡುಕಬೇಕಿಲ್ಲ. ಆದರೆ ಇದನ್ನು ಮಾಡೋದು ಕಾಲೇಜಿನ ಲ್ಯಾಬ್‌ನಲ್ಲಿ, ಗೈಡ್ ಒಪ್ಪಿಗೆ ಪಡೆದು ಮಾತ್ರ. ಮನೆಯಲ್ಲಿ ಬೇಡವೇ ಬೇಡ.

ಮೊದಲು ಒಗರು ತೆಗೀಬೇಕು. ಗಂಟಲು ಕೆರೆಯೋದು ಟ್ಯಾನಿನ್‌ನಿಂದ. ಲೀಟರ್ ರಸಕ್ಕೆ 5 ಗ್ರಾಂ ಸಾಬಕ್ಕಿ ಪುಡಿಯನ್ನು ಸ್ವಲ್ಪ ನೀರಲ್ಲಿ ಗಂಜಿಯ ಹಾಗೆ ಬೇಯಿಸಿ, ಆರಿಸಿ, ರಸಕ್ಕೆ ಕಲಸಿ 12 ಗಂಟೆ ಫ್ರಿಜ್‌ನಲ್ಲಿ ಅಲುಗಾಡಿಸದೆ ಇಡಿ. ಟ್ಯಾನಿನ್ ತಳಕ್ಕೆ ಕೂರುತ್ತದೆ, ಮೇಲಿನ ತಿಳಿ ಮಾತ್ರ ಬಗ್ಗಿಸಿಕೊಳ್ಳಿ. ಯೀಸ್ಟ್‌ಗೆ ಸಕ್ಕರೆ ಒಂದೇ ಸಾಲದು, ಸಾರಜನಕವೂ ಬೇಕು, ಹಾಗಾಗಿ ಸ್ವಲ್ಪ ಯೀಸ್ಟ್ ಎಕ್ಸ್‌ಟ್ರಾಕ್ಟ್ ಸೇರಿಸಿ.

250 ಮಿಲಿ ಫ್ಲಾಸ್ಕ್‌ಗೆ 50 ಮಿಲಿ ರಸ ಸಾಕು, ತುಂಬಿಸಿದರೆ ಗಾಳಿ ಸೇರಲ್ಲ. ಹತ್ತಿಯ ಬಿರಡೆ ಹಾಕಿ ಆಟೋಕ್ಲೇವ್ ಮಾಡಿ (ಅಂದರೆ ಒತ್ತಡದ ಹಬೆಯಲ್ಲಿ ಸೂಕ್ಷ್ಮಾಣುಗಳನ್ನು ಕೊಂದು), ಪೂರ್ತಿ ತಣಿದ ಮೇಲೆ ಹಿಂದಿನ ರಾತ್ರಿ ಬೆಳೆಸಿಟ್ಟ ಯೀಸ್ಟನ್ನು ಬರ್ನರ್ ಪಕ್ಕದಲ್ಲೇ ಹಾಕಿ, 30 ಡಿಗ್ರಿಯ ಶೇಕರ್‌ನಲ್ಲಿ, ಅಂದರೆ ಫ್ಲಾಸ್ಕನ್ನು ಅಲುಗಾಡಿಸುತ್ತಾ ಇರುವ ಯಂತ್ರದಲ್ಲಿ ಇಡಿ.

ಇನ್ನು ಅಳತೆ. ನನ್ನ ಪ್ರಕಾರ ಇಡೀ ಪ್ರಾಜೆಕ್ಟಿನ ಜೀವ ಇರೋದು ಇಲ್ಲೇ. ಬೆಳಗ್ಗೆ ಬೇಗ ಶುರು ಮಾಡಿ, ಗಂಟೆಗೊಮ್ಮೆ ಸ್ಯಾಂಪಲ್ ತೆಗೀರಿ, ಊಟಕ್ಕೆ ಹೋಗುವಾಗ ಗೆಳೆಯರಿಗೆ ಒಪ್ಪಿಸಿ ಹೋಗಿ, ಯಾಕಂದ್ರೆ ಯೀಸ್ಟ್ ಜೋರಾಗಿ ಬೆಳೆಯುವ ಆ ಕೆಲವು ಗಂಟೆಗಳ ರೀಡಿಂಗ್ ತಪ್ಪಿದರೆ ಉಳಿದದ್ದರಿಂದ ಏನೂ ಲೆಕ್ಕ ಹಾಕೋಕಾಗಲ್ಲ. ಯೀಸ್ಟ್ ಹೆಚ್ಚಿದಷ್ಟೂ ರಸ ಮಬ್ಬಾಗುತ್ತೆ, ಬೆಳಕು ಹಾಯಿಸಿ ಅಳೆಯೋದು ಆ ಮಬ್ಬನ್ನೇ. ಆದರೆ ರಸವೇ ಮಂಜು ಮಂಜಾಗಿರುತ್ತೆ ಅಲ್ವಾ, ಅದಕ್ಕೆ ಬ್ಲ್ಯಾಂಕ್ (ಉಪಕರಣಕ್ಕೆ ಸೊನ್ನೆ ತೋರಿಸುವ ದ್ರವ) ಆಗಿ ಯೀಸ್ಟ್ ಹಾಕದ ಅದೇ ರಸವನ್ನು ಇಡಿ, ಬರೀ ನೀರನ್ನಲ್ಲ. 600 ನ್ಯಾನೋಮೀಟರ್ ತರಂಗದ ಬೆಳಕಿನಲ್ಲಿ ಒಡಿ (ಆ ಮಬ್ಬಿನ ಅಳತೆ) 0.5 ದಾಟಿತೆಂದರೆ ಸ್ಯಾಂಪಲನ್ನು ಅದೇ ಬ್ಲ್ಯಾಂಕ್ ರಸದಲ್ಲಿ ಹತ್ತು ಪಟ್ಟು ತೆಳು ಮಾಡಿ ಓದಿ, ಬಂದದ್ದನ್ನು ಹತ್ತರಿಂದ ಗುಣಿಸಿ.

ಎರಡನೇ ಗಂಟೆಗೆ 0.2, ಐದನೇ ಗಂಟೆಗೆ 0.8 ಬಂತು ಅಂತಿಟ್ಟುಕೊಳ್ಳಿ. ನಾಲ್ಕು ಪಟ್ಟು, ಅಂದರೆ ಮೂರು ಗಂಟೆಯಲ್ಲಿ ಎರಡು ಸಲ ಇಮ್ಮಡಿ. ಒಂದು ಇಮ್ಮಡಿಗೆ ಒಂದೂವರೆ ಗಂಟೆ. 0.693 ಅನ್ನು (ಅದು 2ರ ನ್ಯಾಚುರಲ್ ಲಾಗ್) 1.5ರಿಂದ ಭಾಗಿಸಿದರೆ ಬೆಳವಣಿಗೆಯ ದರ ಗಂಟೆಗೆ 0.46. ಗ್ರಾಫ್‌ನಲ್ಲಿ ಒಡಿಯ ನ್ಯಾಚುರಲ್ ಲಾಗ್ (ln) ತೆಗೆದು ಹಾಕಿ, ಗೆರೆ ನೇರವಾಗಿರುವ ಭಾಗದಿಂದ ಮಾತ್ರ ಈ ದರ ತೆಗೀರಿ.

ಆಲ್ಕೋಹಾಲ್ ಕೂಡ ಅಳೆದರೆ ನೆನಪಿಡಿ, ಒಂದು ಗ್ರಾಂ ಗ್ಲೂಕೋಸ್‌ಗೆ ಲೆಕ್ಕದ ಪ್ರಕಾರ ಹೆಚ್ಚೆಂದರೆ 0.51 ಗ್ರಾಂ ಎಥನಾಲ್. ಅದಕ್ಕಿಂತ ಜಾಸ್ತಿ ಬಂದರೆ ಸಕ್ಕರೆಯ ಅಳತೆಯನ್ನೇ ಮತ್ತೊಮ್ಮೆ ಮಾಡಿ.