ಕಬ್ಬಿನ ಬಿಲ್ಲಿನ ಸೂತ್ರ ಎಕ್ಸೆಕ್‌ನಲ್ಲಿ: ಎರಡು ಡಿಕ್ಷನರಿ ಬೇಡ, ಒಂದೇ ಸಾಕು

ಮುಧೋಳ–ಜಮಖಂಡಿ ಭಾಗದ ಒಂದು ಕಾರ್ಖಾನೆಯ ಕಬ್ಬಿನ ಬಿಲ್ ಈಗ ಪೂರ್ತಿ ಡೇಟಾಬೇಸಿನಲ್ಲಿರುವ ಸೂತ್ರಗಳ ಮೇಲೆ ನಡೆಯುತ್ತದೆ. ಪಠ್ಯವಾಗಿ ಇಟ್ಟ ಆ ಸೂತ್ರಗಳನ್ನು ಓಡಿಸುವುದು ಪೈಥಾನ್‌ನ ಎಕ್ಸೆಕ್ ಫಂಕ್ಷನ್, ವೇರಿಯಬಲ್‌ಗಳ ಹೆಸರು–ಬೆಲೆ ಜೋಡಿಗಳನ್ನು ಅದಕ್ಕೆ ಡಿಕ್ಷನರಿಯಾಗಿ ಕೊಡುತ್ತೇವೆ. ‘ಎಕ್ಸೆಕ್ ನೆಚ್ಚಿದ್ರ ಲೆಕ್ಕ ಕೈಕೊಡ್ತದ, ಸೂತ್ರ ಕೋಡ್‌ನ್ಯಾಗ ಬರಿ’ ಅಂದವರೇ ಹೆಚ್ಚು. ಆದರೆ ಕೋಡಿನಲ್ಲಿ ಬರೆದಿದ್ದಾಗ ದರ ಬದಲಾದಾಗಲೆಲ್ಲ ಹಳೆಯ ವೆಂಡರ್‌ಗೆ, ನೆನಪಿದ್ದಷ್ಟು, ಎಂಟು–ಹತ್ತು ಸಾವಿರ ಎಣಿಸಬೇಕಿತ್ತು. ಈಗ ಲೆಕ್ಕ ವಿಭಾಗದವರೇ ತಿದ್ದುತ್ತಾರೆ.

ಸೂತ್ರ ಸರಳ. 2025-26ರ ಎಫ್‌ಆರ್‌ಪಿ (ಕೇಂದ್ರ ಸರ್ಕಾರ ಗೊತ್ತುಮಾಡುವ ಕಬ್ಬಿನ ಕನಿಷ್ಠ ದರ) ಶೇ. 10.25 ರಿಕವರಿಗೆ (ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ) ಟನ್ನಿಗೆ 3550 ರೂಪಾಯಿ, ಪ್ರತಿ 0.1ಕ್ಕೆ 34.60 ಏರಿಳಿತ, 9.5 ಅಥವಾ ಅದಕ್ಕಿಂತ ಕಡಿಮೆಯಿದ್ದರೆ 3290.50. ಅದರಲ್ಲಿ ಕಟಾವು, ಸಾಗಣೆ, ಮುಂಗಡ ಕಳೆಯಬೇಕು. ಗಣಿತ ಕಾಡುವುದಿಲ್ಲ, ಕಾಡುವುದು ವೇರಿಯಬಲ್ ಎಲ್ಲಿ ಹೋಗಿ ಕೂತಿತು ಅನ್ನುವುದು.

ಫಂಕ್ಷನ್ ಒಳಗೆ ಮೊದಲು ‘ದರ = 0’ ಇಟ್ಟು, ಎಕ್ಸೆಕ್‌ನಿಂದ ‘ದರ = 3550’ ಓಡಿಸಿ ನೋಡಿ. ದರ ಸೊನ್ನೆಯೇ ಉಳಿಯುತ್ತದೆ, ಎರರ್ ಕೂಡ ಇಲ್ಲ. ಪೈಥಾನ್ 3ರಲ್ಲಿ ಫಂಕ್ಷನ್ನಿನ ಲೋಕಲ್‌ಗಳ (ಒಳಗಿನ ವೇರಿಯಬಲ್‌ಗಳ) ಜಾಗ ಕಂಪೈಲ್ ಆಗುವಾಗಲೇ ಗೊತ್ತಾಗಿರುತ್ತದೆ. ಎಕ್ಸೆಕ್ ಬರೆಯುವುದು ಅವುಗಳ ಪ್ರತಿಯಲ್ಲಿ. ಹೊಸ ಹೆಸರಾದರೆ ಲೋಕಲ್ಸ್() ಡಿಕ್ಷನರಿಯಿಂದ ಹೆಕ್ಕಿ ತೆಗೆಯುವ ಹಳೆಯ ಉಪಾಯವೊಂದಿತ್ತು. 3.13ರಲ್ಲಿ ಪ್ರತಿ ಕರೆಗೂ ಹೊಸ ಪ್ರತಿ ಸಿಗುವಂತೆ ಮಾಡಿದ ಮೇಲೆ ಅದೂ ಸತ್ತಿತು.

ಗ್ಲೋಬಲ್ಸ್, ಲೋಕಲ್ಸ್ ಅಂತ ಎರಡು ಡಿಕ್ಷನರಿ ಕೊಟ್ಟರೆ ಸೂತ್ರ ಕ್ಲಾಸ್ ಬಾಡಿಯ ಹಾಗೆ ಓಡುತ್ತದೆ. ಮೇಲಿನ ಸಾಲಿನ ‘ದರ’ ಲೋಕಲ್ಸ್‌ಗೆ ಹೋಗುತ್ತದೆ. ಕೆಳಗೆ ಡೆಫ್ ಮಾಡಿದ ಫಂಕ್ಷನ್ ಗ್ಲೋಬಲ್ಸ್‌ನಲ್ಲಿ ಹುಡುಕಿ, ಸಿಗದೆ, ನೇಮ್‌ಎರರ್ (ಹೆಸರು ಸಿಗಲಿಲ್ಲ ಅನ್ನುವ ಎರರ್) ಕೊಡುತ್ತದೆ. ಸಮ್ ಒಳಗಿನ ಜನರೇಟರ್‌ಗೂ ಇದೇ ಗತಿ. 3.12ರಲ್ಲಿ ಲಿಸ್ಟ್ ಕಾಂಪ್ರಿಹೆನ್ಶನ್ ಹೊರಗಿನ ಕೋಡಿನೊಳಗೇ ಸೇರಿಹೋಗುವುದರಿಂದ ಅದು ಪಾರಾಯಿತು. ಹೀಗಾಗಿ ಹೊಸ ಲ್ಯಾಪ್‌ಟಾಪಿನಲ್ಲಿ ಓಡಿದ ಸೂತ್ರ ಕಾಂಟಾ (ತೂಕದ) ಆಫೀಸಿನ ಪೈಥಾನ್ 3.8ರಲ್ಲಿ ಬೀಳುತ್ತದೆ.

ನಾನು ಮಾಡುವುದು ಇಷ್ಟು. ಸೂತ್ರವನ್ನು ಒಮ್ಮೆ ಕಂಪೈಲ್ ಮಾಡಿ ಇಟ್ಟುಕೊಳ್ಳುತ್ತೇನೆ. ಫೈಲ್‌ನೇಮ್ ಜಾಗದಲ್ಲಿ ‘ಕಟಾವು-ಸೂತ್ರ’ ಅಂತ ಹಾಕಿ, ಅದೇ ಹೆಸರಲ್ಲಿ ಸಾಲುಗಳನ್ನು ಲೈನ್‌ಕ್ಯಾಶ್‌ಗೆ (ಪೈಥಾನ್ ಕೋಡಿನ ಸಾಲುಗಳನ್ನು ಇಟ್ಟುಕೊಳ್ಳುವ ಜಾಗ) ತುಂಬಿದರೆ ಟ್ರೇಸ್‌ಬ್ಯಾಕ್ ಮಾಡ್ಯೂಲ್ ನೇರ ತಪ್ಪಿದ ಸಾಲನ್ನೇ ತೋರಿಸುತ್ತದೆ. ಪ್ರತಿ ಬಿಲ್ಲಿಗೂ ಮೂಲ ಡಿಕ್ಷನರಿಯ ಹೊಸ ಪ್ರತಿ, ಅದೊಂದನ್ನೇ ಗ್ಲೋಬಲ್ಸ್ ಆಗಿ ಕೊಡುವುದು, ಫಲಿತಾಂಶ ಅದರಿಂದಲೇ ತೆಗೆಯುವುದು. ಪೂರ್ತಿ ಡಿಕ್ಷನರಿಯನ್ನು ಜೇಸನ್‌ಗೆ ಬರೆಯಬೇಡಿ. ಬಿಲ್ಟಿನ್ಸ್ (ಪೈಥಾನ್‌ನ ಅಂತರ್ಗತ ಫಂಕ್ಷನ್‌ಗಳು) ತಾನಾಗಿ ಬಂದು ಸೇರಿರುತ್ತದೆ, ಎರರ್ ಬರುತ್ತದೆ. ಮೂರು ಸಾವಿರ ಬಿಲ್ಲಿಗೆ ಮೊದಲು ಹತ್ತು–ಹನ್ನೆರಡು ಸೆಕೆಂಡ್ ಹಿಡಿಯುತ್ತಿತ್ತು, ಈಗ ಒಂದು ಸೆಕೆಂಡಿನ ಆಸುಪಾಸು.

‘ಹೊಸ ಪ್ರತಿ’ ಅಂದದ್ದು ಸುಮ್ಮನೆ ಅಲ್ಲ. ವೆಂಡರ್‌ನ ಕೋಡಿನಲ್ಲಿ ಒಂದೇ ಡಿಕ್ಷನರಿ ಎಲ್ಲ ಬಿಲ್ಲಿಗೂ ತಿರುಗುತ್ತಿತ್ತು. ಸುಟ್ಟ ಕಬ್ಬಾದರೆ ಮಾತ್ರ ‘ಕಡಿತ’ಕ್ಕೆ ಬೆಲೆ ಹಾಕುವ ಸೂತ್ರ. ಮುಂದಿನ ರೈತನ ಕಬ್ಬು ಹಸಿರಿದ್ದರೂ ಹಿಂದಿನವನ ಕಡಿತ ಅಲ್ಲೇ ಕೂತಿರುತ್ತಿತ್ತು. ಹೊಸ ಪ್ರತಿ ಇದ್ದಿದ್ದರೆ ನೇಮ್‌ಎರರ್ ಬಂದು ಬಿಲ್ ನಿಲ್ಲುತ್ತಿತ್ತು. ಇಲ್ಲಿ ಸದ್ದಿಲ್ಲದೆ ಹಣ ಹೋಯಿತು. ಪ್ರತಿ ಮಾಡಿದರೂ ಒಳಗಿನ ಲಿಸ್ಟ್ ಹಂಚಿಕೆಯಾಗಿಯೇ ಇರುತ್ತದೆ, ಆದ್ದರಿಂದ ಮೂಲದಲ್ಲಿ ಲಿಸ್ಟ್ ಬದಲು ಟಪಲ್ (ತಿದ್ದಲಾಗದ ಪಟ್ಟಿ) ಮಾತ್ರ ಇಡಿ.

ಇನ್ನೊಂದು ಗುಂಡಿ: ಸಹಾಯಕ ಫಂಕ್ಷನ್‌ಗಳನ್ನು ಮೂಲ ಡಿಕ್ಷನರಿಯಲ್ಲಿ ಎಕ್ಸೆಕ್ ಮಾಡಿಟ್ಟರೆ ಅವು ಸಾಯುವತನಕ ಆ ಮೂಲವನ್ನೇ ನೋಡುತ್ತವೆ, ಬಿಲ್ಲಿನ ಪ್ರತಿಯನ್ನಲ್ಲ. ರಿಕವರಿಯನ್ನು ಆರ್ಗ್ಯುಮೆಂಟ್ ಆಗಿಯೇ ಕಳಿಸಬೇಕು.

ಹೆಸರುಗಳನ್ನು ಕನ್ನಡದಲ್ಲೇ ಇಟ್ಟೆ, ಪೈಥಾನ್ 3 ಒಪ್ಪುತ್ತದೆ. ಕೀಲಿಮಣೆ ಅರ್ಧಾಕ್ಷರದ ನಂತರ ತೂರಿಸುವ ಕಾಣದ ಅಕ್ಷರ, ಝಡ್‌ಡಬ್ಲ್ಯೂಎನ್‌ಜೆ, ಹೆಸರಿನಲ್ಲಿ ಬಂದರೆ ಸಿಂಟ್ಯಾಕ್ಸ್ ಎರರ್. ಇದಕ್ಕಿಂತ ಕಳ್ಳತನದ್ದು ‘ಕೊ’ ಕಾಗುಣಿತ: ಒಂದೇ ಕೋಡ್‌ಪಾಯಿಂಟ್ ಆಗಿಯೂ ಬರಬಹುದು, ‘ಕೆ’ಯ ಗುರುತಿಗೆ ‘ಕೂ’ನ ಗುರುತು ಸೇರಿಯೂ ಬರಬಹುದು. ಪಾರ್ಸರ್ ಹೆಸರನ್ನು ಎನ್‌ಎಫ್‌ಕೆಸಿಗೆ (ಯೂನಿಕೋಡ್‌ನ ಏಕರೂಪಕ್ಕೆ) ತರುತ್ತದೆ, ನೀವು ಕೊಟ್ಟ ಡಿಕ್ಷನರಿಯ ಕೀಲಿಯನ್ನು ಮುಟ್ಟುವುದಿಲ್ಲ. ‘ಕೊಯ್ಲು’ ಎದುರಿಗೇ ಇದ್ದರೂ ನೇಮ್‌ಎರರ್! ಕೀಲಿಗಳನ್ನೂ ಯೂನಿಕೋಡ್‌ಡೇಟಾದಿಂದ ಎನ್‌ಎಫ್‌ಕೆಸಿ ಮಾಡಿಯೇ ಹಾಕಿ. ಕನ್ನಡ ಅಂಕಿಯಲ್ಲಿ ಬರೆದ ಸಂಖ್ಯೆ ಮಾತ್ರ ಸೂತ್ರದಲ್ಲಿ ನಡೆಯುವುದಿಲ್ಲ. ಇಂಟ್‌ಗೆ ಸ್ಟ್ರಿಂಗ್ ಆಗಿ ಕೊಟ್ಟರೆ ‘೧೦’ ಹತ್ತೇ ಆಗುತ್ತದೆ ಅನ್ನುವುದು ಬೇರೆ ತಮಾಷೆ.

ಕಾಂಟಾದ ಬ್ರೌಸರಿನಲ್ಲೇ ಸ್ಲಿಪ್ಪಿನ ಅಂದಾಜು ತೋರಿಸಲು ಜಾವಾಸ್ಕ್ರಿಪ್ಟ್‌ನಲ್ಲೂ ಆಡಿ ನೋಡಿದೆ. ಅಲ್ಲಿ ಎಕ್ಸೆಕ್‌ನಂಥ ಇವ್ಯಾಲ್ ಅನ್ನು ನೇರ ಕರೆದರೆ ಸುತ್ತಲಿನ ಲೋಕಲ್‌ಗಳು ಕಾಣುತ್ತವೆ. ಅದನ್ನೇ ಬೇರೆ ಹೆಸರಿಗೆ ಹಾಕಿಕೊಂಡು ಕರೆದರೆ ಗ್ಲೋಬಲ್ ಮಾತ್ರ. ಕೊನೆಗೆ ನ್ಯೂ ಫಂಕ್ಷನ್ (ಪಠ್ಯದಿಂದ ಫಂಕ್ಷನ್ ಕಟ್ಟುವ ರೀತಿ) ಹಿಡಿದೆ, ಬೇಕಾದ ಬೆಲೆಗಳನ್ನು ಪ್ಯಾರಾಮೀಟರ್ ಆಗಿಯೇ ಕೊಡುತ್ತೇನೆ.

ಬಿಲ್ಟಿನ್ಸ್ ಖಾಲಿ ಮಾಡಿದರೆ ಭದ್ರ ಅಂತ ನಂಬಬೇಡಿ. ತಿದ್ದುವ ಹಕ್ಕು ಇಬ್ಬರಿಗಷ್ಟೇ ಕೊಟ್ಟಿದ್ದೇನೆ, ಎಎಸ್‌ಟಿಯಲ್ಲಿ (ಸೂತ್ರವನ್ನು ಬಿಡಿಸಿಟ್ಟ ಮರದಲ್ಲಿ) ಅನುಮತಿಸಿದ ನೋಡ್‌ಗಳು ಮಾತ್ರ ದಾಟುತ್ತವೆ. ಸೂತ್ರದಲ್ಲಿ 34.60 ಅಂತ ಬರೆದರೆ ಅದು ಫ್ಲೋಟ್, ಡೆಸಿಮಲ್ (ನಿಖರ ದಶಮಾಂಶದ ಟೈಪ್) ಜೊತೆ ಗುಣಿಸಿದರೆ ಟೈಪ್‌ಎರರ್. ಬರೆಯುವವರಿಗೆ ಗೊತ್ತಾಗದ ಹಾಗೆ ಅದನ್ನು ಡೆಸಿಮಲ್ ಮಾಡುವ ಭಾಗವೂ ಆ ಎಎಸ್‌ಟಿ ಹಂತದಲ್ಲೇ ಇದೆ. ಅದನ್ನು ಹೇಗೆ ಕಟ್ಟಿದ್ದೇನೆ ಅನ್ನುವುದನ್ನು ಇಲ್ಲಿ ಬಿಚ್ಚುವುದಿಲ್ಲ, ಮುಂದಿನ ಹಂಗಾಮಿಗೆ ಇನ್ನೊಂದು ಕಾರ್ಖಾನೆಯ ಕೊಟೇಶನ್ ಅದರ ಮೇಲೇ ನಿಂತಿದೆ.