ಬೆತ್ಲೆಹೆಮ್‌ನಿಂದ ಜೆರುಸಲೇಮ್‌ಗೆ ಹೋಗುವುದು ಹೇಗೆ?

ನಕಾಶೆ ನೋಡಿದರೆ ಇದೊಂದು ಲೇಖನವೇ ಬೇಕಾಗಿಲ್ಲ. ಎರಡೂ ಊರುಗಳ ನಡುವೆ ಹತ್ತು ಕಿಲೋಮೀಟರ್ ಇದ್ದರೆ ಹೆಚ್ಚು. ಯಾತ್ರೆಗೆ ಹೋಗಿಬಂದ ನಮ್ಮ ಮಂಗಳೂರು, ಬೆಂಗಳೂರಿನವರನ್ನು ಕೇಳಿ, ಅರ್ಧ ಗಂಟೆಯ ದಾರಿ ಅನ್ನುತ್ತಾರೆ. ಅದು ಸುಳ್ಳಲ್ಲ. ಟೂರಿಸ್ಟ್ ಬಸ್ಸು ದಾರಿಯ ಇಸ್ರೇಲಿ ಚೆಕ್‌ಪಾಯಿಂಟ್‌ನ ವಾಹನಗಳ ಗೇಟಿನಲ್ಲಿ ಹೋಗುತ್ತದೆ. ಸೈನಿಕರೊಬ್ಬರು ಹತ್ತಿ ಪಾಸ್‌ಪೋರ್ಟ್‌ಗಳ ಮೇಲೆ ಕಣ್ಣಾಡಿಸಿ ಇಳಿಯುತ್ತಾರೆ. ಕೆಲವೊಮ್ಮೆ ಅದೂ ಇಲ್ಲ.

ಅದೇ ಬೆತ್ಲೆಹೆಮ್‌ನಲ್ಲಿ ಹುಟ್ಟಿ ಬೆಳೆದ, ಜೆರುಸಲೇಮ್‌ನಲ್ಲಿ ಗಾರೆ ಕೆಲಸ ಮಾಡುವ ಪ್ಯಾಲೆಸ್ಟೀನಿ ನೀವು ಅಂದುಕೊಳ್ಳಿ. ಆಗ ಹೋಗುವುದು ಹೇಗೆ? ಇಲ್ಲಿ ಹೇಳುವುದು 2023ರ ಅಕ್ಟೋಬರ್‌ವರೆಗಿನ ದಿನಚರಿ. ಆಮೇಲೆ ಏನಾಯಿತು ಎನ್ನುವುದು ಮುಂದೆ ಬರುತ್ತದೆ.

ಮೊದಲು ಕಾಗದ

ಬೆತ್ಲೆಹೆಮ್ ಇರುವುದು ವೆಸ್ಟ್ ಬ್ಯಾಂಕ್‌ನಲ್ಲಿ, ಅಂದರೆ ಇಸ್ರೇಲ್ ಸೇನೆಯ ಹಿಡಿತದಲ್ಲಿರುವ ಪ್ಯಾಲೆಸ್ಟೀನಿ ಪ್ರದೇಶದಲ್ಲಿ. ಅಲ್ಲಿನವರ ಗುರುತಿನ ಚೀಟಿಯ ಕವರ್ ಹಸಿರು, ಜೆರುಸಲೇಮ್ ನಿವಾಸಿಗಳದ್ದು ನೀಲಿ. ನೀಲಿ ಇದ್ದರೆ ಆಚೆ ಹೋಗಬಹುದು. ನಿಮ್ಮದು ಹಸಿರು, ಹಾಗಾಗಿ ಪರ್ಮಿಟ್ ಬೇಕು. ಅಲ್ಲಿನವರ ಮಾತಿನಲ್ಲಿ ‘ತಸ್ರೀಹ್’. ಕೊಡುವುದು ಇಸ್ರೇಲ್ ಸೇನೆಯ ಸಿವಿಲ್ ಅಡ್ಮಿನಿಸ್ಟ್ರೇಷನ್. ಬೆರಳಚ್ಚು, ಫೋಟೊ ಕೊಟ್ಟು ಮ್ಯಾಗ್ನೆಟಿಕ್ ಕಾರ್ಡನ್ನೂ ಮಾಡಿಸಿಕೊಳ್ಳಬೇಕು. ಕೆಲಸದ ಪರ್ಮಿಟ್‌ಗೆ ಅರ್ಜಿ ಹಾಕುವವರು ನೀವಲ್ಲ, ಇಸ್ರೇಲ್‌ನಲ್ಲಿ ನಿಮಗೆ ಕೆಲಸ ಕೊಡುವವರು. ಅಂಥವರು ಗೊತ್ತಿಲ್ಲದಿದ್ದರೆ ದಲ್ಲಾಳಿ ಇದ್ದಾನೆ. ಸಂಬಳದಲ್ಲಿ ದೊಡ್ಡ ಪಾಲು ತಿಂಗಳು ತಿಂಗಳು ಅವನಿಗೆ ಹೋಗುತ್ತದೆ.

ಎಲ್ಲ ಸರಿಯಿದ್ದರೂ ಅರ್ಜಿ ತಿರಸ್ಕಾರ ಆಗಬಹುದು. ‘ಭದ್ರತೆಯ ಕಾರಣ’ ಎಂದಷ್ಟೇ ಹೇಳುತ್ತಾರೆ. ಏನು ಕಾರಣ ಅಂತ ಬಿಡಿಸಿ ಹೇಳುವುದಿಲ್ಲ. ಪರ್ಮಿಟ್ ಇನ್ನೂ ಊರ್ಜಿತವಾಗಿದೆಯೇ ಎಂದು ನೋಡಲು ‘ಅಲ್ ಮುನಸ್ಸಿಕ್’ ಎಂಬ ಆ್ಯಪ್ ಇದೆ. ಅದು ಫೋನಿನ ಲೊಕೇಶನ್, ಕ್ಯಾಮೆರಾಗೆಲ್ಲ ಅನುಮತಿ ಕೇಳುತ್ತದೆ ಎಂದು 2020ರಲ್ಲಿ ದೊಡ್ಡ ತಕರಾರೇ ಎದ್ದಿತ್ತು. ಆದರೂ ಮಲಗುವ ಮೊದಲು ಒಮ್ಮೆ ತೆರೆದು ನೋಡುವುದು ವಾಸಿ. ಮೂರು ತಾಸು ನಿಂತ ಮೇಲೆ ಪರ್ಮಿಟ್ ರದ್ದಾಗಿರುವುದು ತಿಳಿದರೆ ಅಂದಿನ ಕೂಲಿಯೂ ಹೋಯಿತು, ನಿದ್ದೆಯೂ ಹೋಯಿತು.

ಯಹೂದಿ ಹಬ್ಬಗಳ ಪಟ್ಟಿ ಜೇಬಿನಲ್ಲಿರಲಿ. ಪೆಸಾಹ್, ಯೋಮ್ ಕಿಪ್ಪುರ್ ಬಂತೆಂದರೆ ಪರ್ಮಿಟ್ ಇದ್ದವರಿಗೂ ಗೇಟು ಮುಚ್ಚಿರುತ್ತದೆ.

ಯಾವಾಗ ಏಳಬೇಕು?

ಎರಡಕ್ಕೆ. ಮಧ್ಯಾಹ್ನದ ಎರಡಲ್ಲ. ಕೆಲಸ ಶುರುವಾಗುವುದು ಏಳಕ್ಕೆ ಇರಬಹುದು, ಆದರೆ ಬೆತ್ಲೆಹೆಮ್‌ನ ಉತ್ತರ ತುದಿಯ ‘ಚೆಕ್‌ಪಾಯಿಂಟ್ 300’ ಎದುರು ಬೆಳಗಿನ ಜಾವ ಮೂರಕ್ಕೆಲ್ಲ ಸಾಲು ಬೆಳೆದಿರುತ್ತದೆ. ಹೆಬ್ರಾನ್ ಕಡೆಯ ಹಳ್ಳಿಗಳವರು ಇನ್ನೂ ಮುಂಚೆ ಎದ್ದು ಹಳದಿ ಸರ್ವೀಸ್ ಟ್ಯಾಕ್ಸಿ ಹಿಡಿದು ಬಂದಿರುತ್ತಾರೆ. ಭಾನುವಾರ ಇನ್ನೂ ಬೇಗ ಏಳಿ. ಇಸ್ರೇಲ್‌ನಲ್ಲಿ ವಾರ ಶುರುವಾಗುವುದೇ ಭಾನುವಾರ, ಅವತ್ತು ನೂಕುನುಗ್ಗಲು ಜಾಸ್ತಿ.

ಗಡಿಯಾರವನ್ನೂ ಒಮ್ಮೆ ನೋಡಿಕೊಳ್ಳಿ. ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದಿಡುವ ದಿನ ಎರಡೂ ಕಡೆ ಒಂದೇ ಆಗಿರಬೇಕೆಂದಿಲ್ಲ. 2023ರಲ್ಲಿ ಇಸ್ರೇಲ್ ಮಾರ್ಚ್‌ನಲ್ಲೇ ಮುಂದಿಟ್ಟಿತು, ಪ್ಯಾಲೆಸ್ಟೀನ್ ರಂಜಾನ್ ಮುಗಿದ ಮೇಲೆ, ಏಪ್ರಿಲ್ ಕೊನೆಗೆ. ಹಾಗಾಗಿ ಹತ್ತು ಕಿಲೋಮೀಟರ್ ಒಳಗೆ ಎರಡು ಟೈಮು! ಮೇಸ್ತ್ರಿ ‘ಏಳಕ್ಕೆ ಬಾ’ ಅಂದರೆ ಯಾರ ಏಳು ಅಂತ ಕೇಳಿಕೊಳ್ಳಬೇಕು.

ಸಾಲಿನಲ್ಲಿ

ಗೇಟಿನ ಹೊರಗೆ ಗಾಡಿಗಳ ಸಾಲು. ಎಳ್ಳು ಹಚ್ಚಿದ ‘ಕಅಕ್’ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಫಲಾಫೆಲ್, ಏಲಕ್ಕಿ ಹಾಕಿದ ಕಾಫಿ. ಇಲ್ಲೇ ತಿಂದುಬಿಡಿ, ಒಳಗೆ ಹೊಕ್ಕರೆ ಕೈ ಅಲ್ಲಾಡಿಸಲೂ ಜಾಗ ಇರುವುದಿಲ್ಲ. ಮುಂಜಾನೆಯ ನಮಾಜನ್ನು ಹಲವರು ಅಲ್ಲೇ ರಟ್ಟು ಹಾಸಿ ಮುಗಿಸುತ್ತಾರೆ.

ಒಂದು ಪಕ್ಕ ಎಂಟು-ಒಂಬತ್ತು ಮೀಟರ್ ಎತ್ತರದ ಕಾಂಕ್ರೀಟ್ ಗೋಡೆ. 2002ರಲ್ಲಿ ಕಟ್ಟಲು ಶುರು ಮಾಡಿದ್ದು. ಎರಡನೇ ಇಂತಿಫಾದದ (ಪ್ಯಾಲೆಸ್ಟೀನಿಯರ ದಂಗೆ) ಆತ್ಮಾಹುತಿ ದಾಳಿಗಳನ್ನು ತಡೆಯಲು ಕಟ್ಟಿದೆವು ಎನ್ನುತ್ತದೆ ಇಸ್ರೇಲ್. ಆಕ್ರಮಿತ ನೆಲದೊಳಗೆ ಕಟ್ಟಿದ್ದು ಅಂತರರಾಷ್ಟ್ರೀಯ ಕಾನೂನಿಗೆ ವಿರುದ್ಧ ಎಂದು 2004ರ ಜುಲೈನಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಅಭಿಪ್ರಾಯ ಕೊಟ್ಟಿತು. ಗೋಡೆ ಹಾಗೇ ಇದೆ. ಇನ್ನೊಂದು ಪಕ್ಕ ಕಬ್ಬಿಣದ ಸರಳುಗಳು. ನಡುವೆ ಉದ್ದನೆಯ ಓಣಿ, ಅದರಲ್ಲಿ ಸಾವಿರಾರು ಗಂಡಸರು. ಅವಸರದವರು ಸರಳು ಹತ್ತಿ ಜನರ ತಲೆಯ ಮೇಲಿಂದ ಮುಂದೆ ಹೋಗುವುದುಂಟು. ಹಾಗೆ ಮಾಡಬೇಡಿ ಅಂತ ಬರೆಯಲು ನನಗೆ ಬಾಯಿಲ್ಲ. ತಡವಾದರೆ ಕೂಲಿ ಹೋಗುವುದು ಅವರದ್ದು.

ಹೆಂಗಸರು, ವಯಸ್ಸಾದವರು, ಕಾಯಿಲೆಯವರಿಗೆ ಬೇರೆ ಗೇಟು ಇದೆ. ಅದು ತೆರೆದಿರಬೇಕಷ್ಟೆ. ತೆರೆಯದಿದ್ದರೆ ಫೋನ್ ಮಾಡಿ ಒತ್ತಾಯಿಸಲು ಚರ್ಚ್ ಸಂಘಟನೆಗಳ ವಿದೇಶಿ ಸ್ವಯಂಸೇವಕರು ಅಲ್ಲಿ ನಿಲ್ಲುತ್ತಿದ್ದರು. 2001ರಿಂದ ಚೆಕ್‌ಪಾಯಿಂಟ್‌ಗಳನ್ನು ಗಮನಿಸುತ್ತ ಬಂದ ‘ಮಹ್ಸೋಮ್ ವಾಚ್’ ಎಂಬ ಗುಂಪಿನವರೆಲ್ಲ ಇಸ್ರೇಲ್‌ನ ಹೆಂಗಸರೇ.

ಗೇಟು, ಬೆಲ್ಟು, ಕ್ಯಾಮೆರಾ

ಆಳೆತ್ತರದ ತಿರುಗುವ ಕಬ್ಬಿಣದ ಗೇಟು ಸಿಗುತ್ತದೆ. ಹಸಿರು ದೀಪ ಹತ್ತಿದಾಗ ಕೆಲವರು ಒಳಗೆ ಹೋಗುತ್ತಾರೆ, ಆಮೇಲೆ ಲಾಕ್. ಗೇಟಿನ ನಡುವೆಯೇ ಸಿಕ್ಕಿಕೊಂಡರೆ ಸುಮ್ನೆ ನಿಲ್ಲುವುದು, ಬೇರೆ ದಾರಿಯಿಲ್ಲ. ಬೆಲ್ಟ್, ಫೋನ್, ಊಟದ ಡಬ್ಬಿ ಎಕ್ಸ್‌ರೇ ಯಂತ್ರಕ್ಕೆ. ಯಂತ್ರ ಕೂಗಿದರೆ ಹಿಂದೆ ಹೋಗಿ ಮತ್ತೆ ಬನ್ನಿ. ಗಾಜಿನ ಹಿಂದಿನ ಸೈನಿಕರು ಮಾತಾಡುವುದು ಸ್ಪೀಕರ್‌ನಲ್ಲಿ. ಕೆಲಸಕ್ಕೆ ಸಾಕಾಗುವಷ್ಟು ಹೀಬ್ರೂ ಕಲಿತಿರಬೇಕು. 2019ರಲ್ಲಿ ಇಲ್ಲಿಗೂ ರಾಮಲ್ಲಾ ಕಡೆಯ ಕಲಂದಿಯಾ ಚೆಕ್‌ಪಾಯಿಂಟ್‌ಗೂ ಎಲೆಕ್ಟ್ರಾನಿಕ್ ಗೇಟು, ಮುಖ ಗುರುತಿಸುವ ಕ್ಯಾಮೆರಾ ಬಂದವು. ಈ ಕೊನೆಯ ಹಂತ ನಿಜಕ್ಕೂ ಚುರುಕಾಯಿತು. ಆದರೆ ಎರಡಕ್ಕೇ ಏಳುವುದನ್ನು ಜನ ಬಿಡಲಿಲ್ಲ. ಒಂದು ದಿನ ಇಪ್ಪತ್ತು ನಿಮಿಷ, ಇನ್ನೊಂದು ದಿನ ಎರಡು ಗಂಟೆ ಆಗುವ ಜಾಗದಲ್ಲಿ ಮನುಷ್ಯ ಎರಡು ಗಂಟೆಯ ಲೆಕ್ಕದಲ್ಲೇ ಬದುಕುತ್ತಾನೆ, ಅಲ್ವಾ?

ಆಂಬುಲೆನ್ಸ್‌ಗೂ ಸಲೀಸಲ್ಲ. ವೆಸ್ಟ್ ಬ್ಯಾಂಕ್‌ನ ಗಾಡಿ ಸಾಮಾನ್ಯವಾಗಿ ಚೆಕ್‌ಪಾಯಿಂಟ್‌ವರೆಗೆ ಮಾತ್ರ. ಆಚೆಯಿಂದ ಜೆರುಸಲೇಮ್‌ನ ಆಂಬುಲೆನ್ಸ್ ಬಂದು ಹಿಮ್ಮುಖವಾಗಿ ನಿಲ್ಲುತ್ತದೆ, ರೋಗಿಯನ್ನು ಸ್ಟ್ರೆಚರ್‌ನಿಂದ ಸ್ಟ್ರೆಚರ್‌ಗೆ ಬದಲಿಸುತ್ತಾರೆ. ಕ್ಯಾನ್ಸರ್ ಚಿಕಿತ್ಸೆಗೆ ಜೆರುಸಲೇಮ್‌ನ ಅಗಸ್ಟಾ ವಿಕ್ಟೋರಿಯಾ ಆಸ್ಪತ್ರೆಗೆ ಹೋಗುವವರಿಗೂ ಪರ್ಮಿಟ್ ಬೇಕು, ಜೊತೆಗೆ ಬರುವ ಮಗಳಿಗೂ ಬೇಕು.

2023ರ ಅಕ್ಟೋಬರ್ ನಂತರ

ಅಕ್ಟೋಬರ್ 7ರ ಹಮಾಸ್ ದಾಳಿಯ ಮೇಲೆ ಕೆಲಸದ ಪರ್ಮಿಟ್‌ಗಳನ್ನು ಇಸ್ರೇಲ್ ತಡೆಹಿಡಿಯಿತು. ವೆಸ್ಟ್ ಬ್ಯಾಂಕ್‌ನ ಸುಮಾರು ಒಂದೂವರೆ ಲಕ್ಷ ಜನರ ದುಡಿಮೆ ಒಂದೇ ಏಟಿಗೆ ನಿಂತಿತು. ಬೆಳಗಿನ ಜಾವದ ಸಾಲೂ ಹೋಯಿತು. ಆ ಕೆಲಸಗಳಿಗೆ ನಮ್ಮ ದೇಶದಿಂದಲೂ ಜನ ಹೋದರು. 2024ರ ಜನವರಿಯಲ್ಲಿ ಹರಿಯಾಣದ ರೋಹ್ಟಕ್‌ನಲ್ಲಿ ಆಯ್ಕೆ ನಡೆದದ್ದನ್ನು ನೀವು ಪತ್ರಿಕೆಯಲ್ಲಿ ಓದಿರುತ್ತೀರಿ.

ಈಗ ಹೆಚ್ಚಿನವರು ಕಾಯುವುದು ವೆಸ್ಟ್ ಬ್ಯಾಂಕ್ ಒಳಗೇ, ಒಂದು ಪ್ಯಾಲೆಸ್ಟೀನಿ ಊರಿನಿಂದ ಇನ್ನೊಂದಕ್ಕೆ ಹೋಗುವಾಗ. ಚೆಕ್‌ಪಾಯಿಂಟ್, ಗೇಟು, ಮಣ್ಣಿನ ದಿಬ್ಬ ಎಲ್ಲ ಸೇರಿ ವಿಶ್ವಸಂಸ್ಥೆ 2025ರ ಆರಂಭದಲ್ಲಿ ಎಣಿಸಿದ್ದು 849 ಅಡೆತಡೆ. ಎರಡು ವರ್ಷ ಹಿಂದೆ 645 ಇತ್ತು.

ಬೆತ್ಲೆಹೆಮ್‌ನಿಂದ ರಾಮಲ್ಲಾಕ್ಕೆ ಜೆರುಸಲೇಮ್ ಮೂಲಕ ಹೋಗುವಂತಿಲ್ಲ, ವಾದಿ ನಾರ್‌ನ ಕಡಿದಾದ ತಿರುವುಗಳಲ್ಲಿ ಸುತ್ತಿ ಹೋಗಬೇಕು. ಆ ದಾರಿಯ ಮೇಲೇ ‘ಕಂಟೈನರ್’ ಚೆಕ್‌ಪಾಯಿಂಟ್. ಹೊರಡುವ ಮೊದಲು ಟೆಲಿಗ್ರಾಂ ಅಥವಾ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ‘ಕಂಟೈನರ್ ಹೇಗಿದೆ?’ ಎಂದು ಕೇಳಿ. ಯಾರಾದರೂ ಚಾಲಕರು ಉತ್ತರಿಸುತ್ತಾರೆ. ‘ಸಾಲಿಕ್’ ಅಂದರೆ ಹೊರಡಿ, ದಾರಿ ಬಿಟ್ಟಿದೆ. ‘ಅಜ್ಮೆ’ ಅಂದರೆ ಜಾಮ್. ನೀರಿನ ಬಾಟಲಿ, ಚಾರ್ಜರ್, ಮಗು ಇದ್ದರೆ ಬಿಸ್ಕತ್ತು ಇಟ್ಟುಕೊಳ್ಳಿ. ಆ ಉತ್ತರಕ್ಕೆ ಆಯಸ್ಸು ಕಡಿಮೆ, ಅರ್ಧ ದಾರಿಯಲ್ಲಿ ಮತ್ತೊಮ್ಮೆ ನೋಡಿ. ಬೆಳಿಗ್ಗೆ ಪರೀಕ್ಷೆ ಇದ್ದರಂತೂ ಗ್ರೂಪನ್ನು ನಂಬಬೇಡಿ. ಹಿಂದಿನ ಸಂಜೆಯೇ ಹೋಗಿ ಪರಿಚಯದವರ ಮನೆಯಲ್ಲಿ ಉಳಿದುಕೊಳ್ಳಿ.